ಮಗ್ಗದವನ ಬಾಯಿ

ಹ್ಯಾಸ್ಲಿನ್‌ಶಾ, ಲ್ಯಾಂಕಾಶೈರ್
೯ ಅಕ್ಟೋಬರ್ ೧೯೨೩

ಮಗಾ ಎಡ್ವಿನ್,

ನೀನು ರೈಲು ಹತ್ತಿ ಇವತ್ತಿಗೆ ಮೂರು ವಾರ. ಲಂಡನ್ನಿನ ಮಂಜು ಗಂಟಲಿಗೆ ಇಳಿಯದ ಹಾಗೆ ಆ ಕೆಂಪು ಮಫ್ಲರು ಸುತ್ತಿಕೊ. ಚೆಂದ ಕಾಣುವುದಿಲ್ಲ ಅಂತ ಪೆಟ್ಟಿಗೆಯ ತಳಕ್ಕೆ ಹಾಕಿರುತ್ತೀಯ, ನನಗೆ ಗೊತ್ತು. ತೆಗೆ.

ನಿನ್ನ ನಾಲ್ಕು ಮಗ್ಗ ಈಗ ಏಡಾ ಪಿಲ್ಲಿಂಗಳ ತಂಗಿಗೆ ಸಿಕ್ಕಿವೆ. ಆ ಹುಡುಗಿ ಲಾಳಿಗಿಂತ ನಾಲಿಗೆ ಜಾಸ್ತಿ ಓಡಿಸುತ್ತಾಳೆ. ಹೊಸ ಮೇಸ್ತ್ರಿ ಒಬ್ಬ ಬಂದಿದ್ದಾನೆ, ದಕ್ಷಿಣದ ಕಡೆಯವನು. ಮೊದಲ ದಿನ ಶೆಡ್ಡಿನೊಳಗೆ ಕಾಲಿಟ್ಟವನು ಹಾಗೇ ಮಾಲೀಕರ ಹತ್ತಿರ ಓಡಿದನಂತೆ, "ಹೆಂಗಸ್ರೆಲ್ಲ ನನ್ನ ನೋಡಿ ಬಾಯಿ ಸೊಟ್ಟ ಮಾಡ್ತಾರೆ ಸಾರ್" ಅಂತ. ಮುನ್ನೂರು ಮಗ್ಗ ಬಡಿಯುವಾಗ ಪಕ್ಕದಲ್ಲಿ ಫಿರಂಗಿ ಹಾರಿದರೂ ಕೇಳಿಸದು. ಬಾಯಿ ಅಗಲ ಮಾಡಿ, ತುಟಿಯಲ್ಲಿ ಒಂದೊಂದೇ ಮಾತು ಬಿಡಿಸಿ ತೋರಿಸದಿದ್ದರೆ ನಾವು ಸುದ್ದಿ ಹಂಚಿಕೊಳ್ಳುವುದು ಹೇಗೆ? ಇದು ಮಗ್ಗದ ಮಾತು ಕಣಪ್ಪಾ ಅಂತ ಅವನಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವನ ಮೂಗಿನ ಮುಂದೆಯೇ ಏಡಾ ಮೂರು ಮಗ್ಗದಾಚೆಯಿಂದ ನನ್ನನ್ನು ಕೇಳುತ್ತಾಳೆ, "ಡಾರ್ಕಸಕ್ಕಾ, ಇವ್ನು ಹಾಕಿರೋ ಪ್ಯಾಂಟು ಇವ್ನ ಹೆಂಡ್ತೀದಾ?" ಪಾಪ, ಅವನು ವಂದನೆ ಅಂದುಕೊಂಡು ಟೋಪಿ ಎತ್ತಿದ.

ನಿನ್ನ ಬಗ್ಗೆ ದಿನಾ ಕೇಳುತ್ತಾರೆ. "ನಿಮ್ಮುಡುಗ ಲಂಡನ್ನಲ್ಲಿ ಏನ್ ಮಾಡ್ತಾನೆ?" "ಹಾಡು ಕಲೀತಾನೆ." "ಅದು ಸರಿ ಅಕ್ಕಾ, ಕೆಲಸ ಏನ್ ಮಾಡ್ತಾನೆ?"

ಹೋಗುವ ಮುಂಚಿನ ಭಾನುವಾರ ಚರ್ಚಿನಲ್ಲಿ ನೀನು ಹಾಡಿದ್ದು ಕೊನೆಯ ಬೆಂಚಿನ ನನ್ನ ತನಕ ಒಂದು ಮಾತೂ ಕೆಳಗೆ ಬೀಳದೆ ಬಂತು. ನನ್ನ ತಂಗಿ ಬದುಕಿದ್ದಿದ್ದರೆ ಅತ್ತು ಬೆಂಚು ತೋಯಿಸುತ್ತಿದ್ದಳು, ನಿನ್ನಮ್ಮ ಮೊದಲೇ ಅಳುಬುರುಕಿ. ಅವಳ ಬದಲು ನಿನ್ನನ್ನು ಸಾಕಿದವಳು ನಾನು. ಅಳುವುದಿಲ್ಲ, ತಪ್ಪಿದರೆ ಹೇಳುತ್ತೇನೆ.

ನಿನ್ನ ದೊಡ್ಡಮ್ಮ,
ಡಾರ್ಕಸ್ ಸೇಗರ್


ಲಂಡನ್
೨ ಡಿಸೆಂಬರ್ ೧೯೨೩

ದೊಡ್ಡಮ್ಮನಿಗೆ,

ಮಫ್ಲರು ತೆಗೆದೆ. ಪೆಟ್ಟಿಗೆಯ ತಳದಲ್ಲೇ ಇತ್ತು.

ನನ್ನ ಗುರುಗಳ ಹೆಸರು ವ್ಯಾಂಡೆಲೂರ್. ದೊಡ್ಡ ದೊಡ್ಡ ಟೆನರ್‌ಗಳನ್ನು ತಯಾರು ಮಾಡಿದವರು. ಗಂಡಸಿನ ದನಿಯಲ್ಲಿ ಎಲ್ಲಕ್ಕಿಂತ ಎತ್ತರದ್ದು ಟೆನರ್, ಅದು ನಿಮಗೆ ದೇವರು ಕೊಟ್ಟದ್ದು, ಉಳಿದದ್ದೆಲ್ಲ ನಾನು ಕೊಡಬೇಕು ಅನ್ನುತ್ತಾರೆ. ಮೊದಲ ದಿನ ನಾನು ಬಾಯಿ ತೆರೆದ ತಕ್ಷಣ ಪಿಯಾನೋ ಮುಚ್ಚಿಬಿಟ್ಟರು. "ಮಿಸ್ಟರ್ ಹೋಲ್ಡನ್, ನೀವು ಹಾಡ್ತಾ ಇದೀರೋ, ಲಗಾಮು ಹಾಕಿಸ್ಕೊಳ್ಳೋ ಕುದುರೆ ಥರ ನಿಂತಿದೀರೋ? ಇದು ಮಗ್ಗದವನ ಬಾಯಿ. ಇದನ್ನ ಮೊದ್ಲು ಮುಚ್ಚಿಸ್ಬೇಕು."

ಈಗ ದಿನಾ ಒಂದು ಗಂಟೆ ಕನ್ನಡಿಯ ಮುಂದೆ ನಿಲ್ಲುತ್ತೇನೆ. ತುಟಿ ಅಲ್ಲಾಡಬಾರದು. ದನಿ ದುಂಡಗೆ, ಒಳಗಡೆ, ರೇಷ್ಮೆ ಹೊದ್ದ ಹಾಗೆ ಇರಬೇಕು. ಕಷ್ಟ, ಆದರೆ ಬರುತ್ತಿದೆ. ಜೊತೆಯ ಹುಡುಗರೆಲ್ಲ ನನ್ನನ್ನು ಬಹಳ ವಿಶ್ವಾಸದಿಂದ ಕಾಣುತ್ತಾರೆ. ನಾನು ಬಾಯಿಬಿಟ್ಟರೆ ಸಾಕು, ನಗುತ್ತಾರೆ.

ಇಲ್ಲಿ ಹೊಗಳುವವರಿಗೂ ತೆಗಳುವವರಿಗೂ ಬರವಿಲ್ಲ. ಯಾರ ಮಾತನ್ನೂ ನಾನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ನಿನ್ನ ಕಿವಿಯೊಂದನ್ನೇ ನಂಬಿದ್ದೇನೆ ದೊಡ್ಡಮ್ಮ. ಊರಿಗೆ ಬಂದಾಗ ಹಾಡುತ್ತೇನೆ, ನೀನು ಹೇಳಬೇಕು.

ಎಡ್ವಿನ್


ಹ್ಯಾಸ್ಲಿನ್‌ಶಾ
೫ ಜನವರಿ ೧೯೨೬

ಮಗಾ ಎಡ್ವಿನ್,

ಕ್ರಿಸ್‌ಮಸ್‌ಗೆ ನೀನು ಬಂದು ಹೋದ ಮೇಲೆ ಮನೆ ದೊಡ್ಡದಾಗಿ ಕಾಣುತ್ತಿದೆ.

ಚರ್ಚಿನಲ್ಲಿ ನೀನು ಹಾಡಲು ಎದ್ದು ನಿಂತಾಗ ನಿನ್ನ ಕಾಲರು ಎಷ್ಟು ಬಿಳಿ ಇತ್ತು ಅಂತೀಯ! ನಮ್ಮ ಗಿರಣಿಯ ಹೊಗೆಯಲ್ಲಿ ಅಂಥ ಬಿಳುಪು ಒಂದು ದಿನವೂ ನಿಲ್ಲದು. ಬೂಟಂತೂ ಕನ್ನಡಿ. ನಿಲುವು ಚೆನ್ನಾಗಿತ್ತು, ಬೆನ್ನು ನೆಟ್ಟಗಿತ್ತು. ಪಾದ್ರಿಗಳು ಕಣ್ಣೊರೆಸಿಕೊಂಡರು. "ಬೆಣ್ಣೆ ಅಕ್ಕಾ, ದನಿ ಅಂದ್ರೆ ಬೆಣ್ಣೆ" ಅಂದಳು ಏಡಾ.

ಏಡಾಳ ಅತ್ತೆಗೆ ಮಂಡಿನೋವು ಜಾಸ್ತಿಯಾಗಿದೆ. ಸಾಸಿವೆ ಪಟ್ಟು ಹಾಕಿದರು, ಉಪಯೋಗವಾಗಲಿಲ್ಲ. ಆಮೇಲೆ ಯಾರೋ ಎಲೆಕೋಸಿನ ಎಲೆ ಕಟ್ಟಿ ಅಂದರು. ಈಗ ಮಂಡಿಯೂ ನೋಯುತ್ತದೆ, ಮನೆಯೂ ನಾರುತ್ತದೆ.

ನಾನು ಹೊಸ ಕನ್ನಡಕ ಮಾಡಿಸಿಕೊಂಡೆ. ಅರವತ್ತು ಹತ್ತಿರ ಬಂತಲ್ಲ.

ನಿನ್ನ ದೊಡ್ಡಮ್ಮ


ಬ್ರಾಡ್‌ಫರ್ಡ್
೧೧ ಫೆಬ್ರುವರಿ ೧೯೨೬

ದೊಡ್ಡಮ್ಮನಿಗೆ,

ನಿನ್ನ ಪತ್ರ ಲಂಡನ್ ಸುತ್ತಿ ಇಲ್ಲಿಗೆ ಬಂತು. ಕಾಲರಿನ ಬಗ್ಗೆ ಎರಡು ಸಾಲಿತ್ತು, ಬೂಟಿನ ಬಗ್ಗೆ ಒಂದು, ಪಿಲ್ಲಿಂಗ್ ಅಜ್ಜಿಯ ಮಂಡಿಯ ಬಗ್ಗೆ ನಾಲ್ಕು. ಹಾಡಿನ ಬಗ್ಗೆ ಏಡಾ ಏನಂದಳು ಅಂತ ಬರೆದಿದ್ದೀಯ. ನೀನು ಏನಂದೆ ಅಂತ ಬರೆದಿಲ್ಲ. ತಪ್ಪಿದರೆ ಹೇಳುತ್ತೇನೆ ಅಂದವಳು ಕಾಲರು ಹೊಗಳಿದರೆ ನಾನು ಅದನ್ನು ಹೇಗೆ ತಿಳಿದುಕೊಳ್ಳಬೇಕು?

ಇರಲಿ ಬಿಡು. ನಾನು ಊರೂರು ತಿರುಗುವ ಒಂದು ಒಪೆರಾ ಕಂಪನಿ ಸೇರಿದ್ದೇನೆ. ಪಾತ್ರಗಳು ಸಿಗುತ್ತಿವೆ. ಕೈತುಂಬ ಕೆಲಸ.

ಎಡ್ವಿನ್


ಶೆಫೀಲ್ಡ್
೩ ಮಾರ್ಚ್ ೧೯೨೯

ದೊಡ್ಡಮ್ಮಾ,

ಮೂರು ವರ್ಷ ನೀನು ಶುಂಠಿ ಕೇಕು ಕಳಿಸಿದೆ, ನಾನು ಬಣ್ಣದ ಕಾರ್ಡು ಕಳಿಸಿದೆ. ಇಬ್ಬರೂ ಏನೂ ಹೇಳಲಿಲ್ಲ. ಇವತ್ತು ನಾನು ಹೇಳಿಬಿಡುತ್ತೇನೆ.

ಪಾತ್ರಗಳು ಸಿಗುತ್ತಿವೆ ಅಂತ ಬರೆದಿದ್ದೆನಲ್ಲ, ಅವು ಮೂರನೇ ಸಿಪಾಯಿ, ಎರಡನೇ ಬೆಸ್ತ, ಮತ್ತೆ ಹದಿನೇಳು ಊರುಗಳಲ್ಲಿ ಒಂದು ಹೆಣ. ಹೆಣದ ಪಾತ್ರಕ್ಕೆ ಒಳ್ಳೆಯ ಹೆಸರು ಬಂತು. ಹೋದ ತಿಂಗಳು ದೊಡ್ಡ ಟೆನರ್‌ಗೆ ಜ್ವರ ಬಂದು, ದೋಣಿಗಾರನ ಪಾತ್ರ ನನಗೆ ಸಿಕ್ಕಿತು. ಅದೇ ನಾಯಕನ ಪಾತ್ರ. ಐದು ವರ್ಷ ಕಾದಿದ್ದೆ. ಮಾರನೇ ದಿನ ಪತ್ರಿಕೆಯಲ್ಲಿ ಬಂದದ್ದು ಇಷ್ಟು: "ಹೋಲ್ಡನ್ ಅವರ ದನಿ ಬಂಗಾರ. ಆದರೆ ಅವರು ಯಾವ ಭಾಷೆಯಲ್ಲಿ ಹಾಡಿದರೆಂಬುದು ಇನ್ನೂ ತಿಳಿದುಬಂದಿಲ್ಲ." ನಾನು ಹಾಡಿದ್ದು ಇಂಗ್ಲಿಷಿನಲ್ಲಿ ದೊಡ್ಡಮ್ಮ.

ಕಂಪನಿಯ ಯಜಮಾನ ಕ್ವಾರ್ಮ್‌ಬಿ ಕರೆಸಿದರು. "ನೋಡಪ್ಪಾ, ನಮ್ಮ ಭಾಷೇಲಿ ಒಪೆರಾ ಆಡೋ ಕಂಪನಿ ನಂದು. ಜನ ಕತೆ ತಿಳ್ಕೊಳ್ಳೋಕೆ ಬರ್ತಾರೆ, ಗಂಟ್ಲು ನೋಡೋಕಲ್ಲ. ಜುಲೈ ಹದಿಮೂರು, ಮ್ಯಾಂಚೆಸ್ಟರು, ಶನಿವಾರ ಮಧ್ಯಾಹ್ನದ ಆಟ ನಿಂಗೆ. ಅಲ್ಲೂ ಹಿಂಗೇ ಆದ್ರೆ ಗಂಟು ಕಟ್ಕೋ. ಹೆಣ ಆಗೋಕೆ ಬೇಕಾದಷ್ಟು ಜನ ಇದಾರೆ."

ಅದೊಂದೇ ಆಟ. ಸೋತರೆ ಮತ್ತೆ ಮಗ್ಗಕ್ಕೆ ಬರುತ್ತೇನೆ. ಮಗ್ಗಕ್ಕೆ ಬರಲು ನಾಚಿಕೆಯಿಲ್ಲ, ಯಾಕೆ ಸೋತೆ ಅಂತ ತಿಳಿಯದೆ ಬರಲು ನಾಚಿಕೆ. ಆ ಕ್ರಿಸ್‌ಮಸ್ಸಿನಲ್ಲಿ ನೀನು ಏನನ್ನೋ ಕೇಳಿ ಸುಮ್ಮನಾದೆ. ಏನದು? ನನ್ನ ದನಿಯಲ್ಲಿ ಏನು ಕೆಟ್ಟಿದೆ?

ಎಡ್ವಿನ್


ಹ್ಯಾಸ್ಲಿನ್‌ಶಾ
೭ ಮಾರ್ಚ್ ೧೯೨೯

ಮಗಾ,

ನಿನ್ನ ದನಿಯಲ್ಲಿ ಏನು ಕೆಟ್ಟಿದೆಯೋ ನನಗೆ ಗೊತ್ತಿಲ್ಲ. ನಿನ್ನ ದನಿಯನ್ನು ನಾನು ಕೇಳಿಯೇ ಇಲ್ಲ.

ಕೂತುಕೊಂಡು ಓದು. ಯುದ್ಧ ಮುಗಿಯುವ ಹೊತ್ತಿಗೇ ನನ್ನ ಎರಡೂ ಕಿವಿ ಹೋಗಿದ್ದವು. ನಲವತ್ತು ವರ್ಷದ ಮಗ್ಗ ತಿಂದಿತು. ನೀನು ಹಾಡಲು ಶುರು ಮಾಡಿದ್ದು ಅದರ ಮರುವರ್ಷ. ಬೇರೆ ಊರಾಗಿದ್ದರೆ ವಾರದಲ್ಲಿ ಸಿಕ್ಕಿಬೀಳುತ್ತಿದ್ದೆ. ಇಲ್ಲಿ ಬೀದಿಯಲ್ಲೂ, ಬೋಟಿ ಅಂಗಡಿಯಲ್ಲೂ, ಚರ್ಚಿನಲ್ಲೂ ಎಲ್ಲರೂ ತುಟಿ ನೋಡಿಯೇ ಮಾತಾಡುವವರು. ಇಂಥ ಊರಿನಲ್ಲಿ ಒಬ್ಬಳು ಕಿವುಡಿಯಾದರೆ ಯಾರಿಗೆ ಗೊತ್ತಾಗುತ್ತದೆ? ನೀನು ಹಿತ್ತಲಿನಿಂದ ಕೂಗಿದಾಗ ನಾನು ಓಗೊಡುತ್ತಿರಲಿಲ್ಲ, ನೆನಪಿದೆಯಾ? ದೊಡ್ಡಮ್ಮನಿಗೆ ಸಿಟ್ಟು ಅಂತ ನೀನೇ ಬಂದು ಒಲೆ ಹಚ್ಚುತ್ತಿದ್ದೆ. ನಾನೂ ಅನುಕೂಲವೇ ಆಯಿತು ಅಂತ ಸುಮ್ಮನಿದ್ದೆ.

ನಿನ್ನ ಹಾಡನ್ನು ನಾನು ನೋಡುತ್ತಿದ್ದೆ ಕಣೋ. ಏಳು ವರ್ಷ ಮಗ್ಗದಲ್ಲಿ ದುಡಿದ ಬಾಯಿ ನಿನ್ನದು. ಒಂದೊಂದು ಮಾತೂ ಕೊನೆಯ ಬೆಂಚಿಗೆ ಬರುತ್ತಿತ್ತು, ಮಾತಿನ ಜೊತೆ ಅದರ ದುಃಖ ಬರುತ್ತಿತ್ತು, ಸಂತೋಷ ಬರುತ್ತಿತ್ತು. ಅಷ್ಟು ಸಾಕಾಗಿತ್ತು ನನಗೆ. ಆ ಕ್ರಿಸ್‌ಮಸ್ಸಿನಲ್ಲಿ ನೀನು ಎದ್ದು ನಿಂತೆ, ಎದೆ ಏರಿತು, ಇಳಿಯಿತು, ಬಾಯಿ ಕೋಳಿಮೊಟ್ಟೆ ಕಚ್ಚಿಕೊಂಡ ಹಾಗೆ ದುಂಡಗೆ ನಿಂತೇಬಿಟ್ಟಿತು. ಒಂದು ಮಾತೂ ಬರಲಿಲ್ಲ. ಕಣ್ಣೂ ಹೋಯಿತು ಅಂತ ಹೆದರಿ ಕನ್ನಡಕ ಮಾಡಿಸಿಕೊಂಡೆ. ಮಾರನೇ ದಿನ ಅದನ್ನು ಮನೆಯಲ್ಲೇ ಮರೆತು ಶೆಡ್ಡಿಗೆ ಹೋದರೆ ಎಂಟು ಮಗ್ಗದಾಚೆ ಏಡಾ ತನ್ನ ಗಂಡನಿಗೆ ಹಾಕುತ್ತಿದ್ದ ಶಾಪ ಅಕ್ಷರ ಅಕ್ಷರ ಕಂಡಿತು. ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ನಿನ್ನ ಬಾಯಿಗೆ ಬೀಗ ಬಿದ್ದಿತ್ತು.

ಆಗಲೇ ಹೇಳಬೇಕಿತ್ತು. ಹೇಗೆ ಹೇಳಲಿ? ನಿನ್ನ ಕಿವಿಯೊಂದನ್ನೇ ನಂಬಿದ್ದೇನೆ ಅಂತ ಬರೆದಿದ್ದೆಯಲ್ಲ. ನಿನ್ನ ತಪ್ಪು ಹೇಳಬೇಕಾದರೆ ನನ್ನ ಸುಳ್ಳು ಬಿಚ್ಚಬೇಕಿತ್ತು. ಮೂರು ವರ್ಷ ಶುಂಠಿ ಕೇಕು ಬೇಯಿಸಿದೆ.

ಆ ಗುರುಗಳು ದೊಡ್ಡವರಿರಬಹುದು. ದನಿ ಅವರು ಕೊಟ್ಟದ್ದೇ ಇರಲಿ. ಬಾಯಿ ಮಾತ್ರ ನಮ್ಮದು, ಅದನ್ನು ವಾಪಸು ತಗೊ.

ನಿನ್ನ ದೊಡ್ಡಮ್ಮ


ನ್ಯೂಕ್ಯಾಸಲ್
೨೦ ಜೂನ್ ೧೯೨೯

ದೊಡ್ಡಮ್ಮಾ,

ನಿನಗೆ ಉತ್ತರ ಬರೆಯಲು ಮೂರು ತಿಂಗಳು ಹಿಡಿಯಿತು. ಸಿಟ್ಟಿಗಲ್ಲ. ಹತ್ತು ವರ್ಷ ಯಾರಿಗೆ ಕೇಳಿಸಲಿ ಅಂತ ಹಾಡಿದ್ದೆನೋ ಅವಳಿಗೆ ಕೇಳಿಸಿಯೇ ಇಲ್ಲ ಅಂತ ತಿಳಿದರೆ ಮನುಷ್ಯ ಸ್ವಲ್ಪ ದಿನ ಸುಮ್ಮನೆ ಇರಬೇಕಾಗುತ್ತದೆ.

ಆಮೇಲೆ ಕೆಲಸ ಹಿಡಿದೆ. ನಾಯಕಿಯ ಪಾತ್ರ ಮಾಡುವ ಕಾನ್ಸ್‌ಟನ್ಸ್ ಏವರಿಲ್ ಒಳ್ಳೆಯವಳು, ಬಾಯಿ ಮಾತ್ರ ಜೋರು. ಅವಳನ್ನು ರೈಲು ನಿಲ್ದಾಣದ ಆಚೆ ಬದಿ ನಿಲ್ಲಿಸಿ, ಅವಳ ಬೆನ್ನ ಹಿಂದಿನ ಹಳಿಯಲ್ಲಿ ಸರಕು ಗಾಡಿ ಗಡಗಡ ಹೋಗುವಾಗ ಈಚೆ ಬದಿಯಿಂದ ಇಡೀ ಪಾತ್ರವನ್ನು ದನಿಯಿಲ್ಲದೆ ಹೇಳುತ್ತೇನೆ. ಮೊದಲ ದಿನ ಅವಳು ಗಾರ್ಡನ್ನು ಕರೆದಳು, ನನಗೆ ಮೂರ್ಛೆ ಬಂದಿದೆ ಅಂತ. ಮೂರು ವಾರ ಬಿಟ್ಟು ಆಚೆಯಿಂದ ಕೂಗಿದಳು, "ಅಯ್ಯೋ ಮಾರಾಯಾ, ಇಷ್ಟು ದಿನ ನೀನು ನನ್ನ ಪ್ರೀತಿಸ್ತಾ ಇದ್ಯಾ? ಮೊದ್ಲೇ ಹೇಳೋಕೇನಾಗಿತ್ತು!"

ವಿಚಿತ್ರವೇನೆಂದರೆ, ಬಾಯಿ ಬಿಚ್ಚಿದ ಮೇಲೆ ದನಿಯೂ ಬಿಚ್ಚಿತು. ಮೇಲಿನ ಸ್ವರ ಹಿಂದೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಈಗ ಹಲ್ಲಿನ ಮುಂದೆ ಬಂದು ನಿಲ್ಲುತ್ತದೆ. ವ್ಯಾಂಡೆಲೂರ್ ಅವರಿಗೆ ಬರೆದೆ. "ಹೋಗಿ ಕುದುರೆಗಳಿಗೆ ಹಾಡಿ" ಅಂತ ಉತ್ತರ ಬಂತು.

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಹದಿಮೂರಕ್ಕೆ ನೀನು ಬರಬೇಡ. ನೀನು ಅಲ್ಲಿದ್ದರೆ ನಾನು ಹಾಡುವುದಿಲ್ಲ, ನಿನ್ನ ಮುಖ ಓದುತ್ತ ನಿಂತುಬಿಡುತ್ತೇನೆ. ಗೆದ್ದರೆ ನಾನೇ ಕರೆಸಿಕೊಳ್ಳುತ್ತೇನೆ.

ಎಡ್ವಿನ್


ಹ್ಯಾಸ್ಲಿನ್‌ಶಾ
೨ ಜುಲೈ ೧೯೨೯

ಮಗಾ,

ಆಯಿತು, ಬರುವುದಿಲ್ಲ. ಹದಿಮೂರಕ್ಕೆ ವಾರ್ಷಿಕ ರಜೆ ಶುರು. ಗಿರಣಿಗೆ ಬೀಗ ಬಿದ್ದರೆ ಊರಿಗೆ ಊರೇ ಬ್ಲ್ಯಾಕ್‌ಪೂಲಿಗೆ ಹೋಗುವುದು ನಿನಗೆ ಗೊತ್ತಲ್ಲ. ನಾನೂ ಹೋಗುತ್ತೇನೆ, ಸಮುದ್ರದ ಗಾಳಿ ಬೇಕು. ನೀನು ನಿನ್ನ ಕೆಲಸ ನೋಡಿಕೊ.

ನಿನ್ನ ದೊಡ್ಡಮ್ಮ


ಗ್ಲಾಸ್ಗೋ
೧೫ ಜುಲೈ ೧೯೨೯

ಸುಳ್ಳಿ ದೊಡ್ಡಮ್ಮಾ,

ಬ್ಲ್ಯಾಕ್‌ಪೂಲಿನ ಸಮುದ್ರ ಹೇಗಿತ್ತು? ಕೊನೆಯ ಅಂಕದಲ್ಲಿ ತಲೆ ಎತ್ತಿದರೆ ಮೇಲಂತಸ್ತಿನ ಅಗ್ಗದ ಗ್ಯಾಲರಿಯ ಮೊದಲ ಸಾಲಿನಲ್ಲಿ ನಿನ್ನ ಹಸಿರು ಟೋಪಿ! ಅದರ ಪಕ್ಕ ಏಡಾ, ಅವಳ ಪಕ್ಕ ಪಾದ್ರಿಗಳು, ಹಿಂದೆಲ್ಲ ನಮ್ಮವರೇ. ಪುಣ್ಯಕ್ಕೆ ಅಷ್ಟು ಹೊತ್ತಿಗೆ ಹೆದರಲು ಪುರಸೊತ್ತಿರಲಿಲ್ಲ.

ಗೆದ್ದೆ ದೊಡ್ಡಮ್ಮ. ಗೆದ್ದುಬಿಟ್ಟೆ! ಕ್ವಾರ್ಮ್‌ಬಿ ಮೂರು ವರ್ಷಕ್ಕೆ ನಾಯಕ ಟೆನರ್ ಅಂತ ಬರೆದುಕೊಟ್ಟರು. ಅಕ್ಟೋಬರಿನಲ್ಲಿ ಲಂಡನ್ನಿನ ಮೊದಲ ಆಟ ನನ್ನದೇ. ಪತ್ರಿಕೆಯ ತುಣುಕು ಇಟ್ಟಿದ್ದೇನೆ, ನೋಡು: "ಬಿರುಗಾಳಿಯ ದೃಶ್ಯದಲ್ಲಿ ನಗಾರಿ ಕಹಳೆಗಳು ಸೇರಿ ಟೆನರ್‌ನನ್ನು ಮುಳುಗಿಸಿಬಿಟ್ಟವು. ಕೆಳಗೆ ನಮಗೆ ಏನೂ ಕೇಳಿಸದಿದ್ದಾಗ ಗ್ಯಾಲರಿ ಯಾಕೆ ಬಿಕ್ಕಿ ಬಿಕ್ಕಿ ಅಳುತ್ತಿತ್ತೋ ನಾವರಿಯದಾದೆವು. ಗಾಳಿ ನಿಂತು ಶ್ರೀ ಹೋಲ್ಡನ್ ಅವರ ಮಾತು ನಮ್ಮನ್ನು ಮುಟ್ಟಿದಾಗ ತಿಳಿಯಿತು. ಒಂದು ಮಾತೂ ನಷ್ಟವಾಗದ ಇಂಥ ಗಾಯನ ಈ ಊರು ಕೇಳಿ ಬಹಳ ಕಾಲವಾಗಿತ್ತು."

ಎರಡು ಸಂಗತಿ ನೀನು ಹೇಳಬೇಕು. ಎರಡನೇ ಅಂಕದಲ್ಲಿ ನಾನು ಕಾನ್ಸ್‌ಟನ್ಸಳ ಕೈ ಹಿಡಿದಾಗ ಗ್ಯಾಲರಿ ಹೋ ಅಂತ ನಕ್ಕಿತು. ಸತ್ತೆ ಅಂದುಕೊಂಡೆ. ಯಾಕೆ ನಕ್ಕಿರಿ? ಇನ್ನೊಂದು, ಕೊನೆಗೆ ಪರದೆಯ ಮುಂದೆ ನಿಂತು ನಾನು ನಿನ್ನ ಕಡೆ ನೋಡಿ ಒಂದು ಮಾತು ಕೇಳಿದೆ. ನೀನು ಏನೋ ಹೇಳಿದೆ. ದೀಪ ಕಣ್ಣಿಗೆ ಹೊಡೆದು ನಿನ್ನ ತುಟಿ ಕಾಣಲಿಲ್ಲ. ಆಮೇಲೆ ಓಡಿ ಬಂದರೆ ನೀವೆಲ್ಲ ಹೊರಟುಹೋಗಿದ್ದಿರಿ. ಏನು ಹೇಳಿದೆ?

ಎಡ್ವಿನ್


ಬ್ಲ್ಯಾಕ್‌ಪೂಲ್
೧೮ ಜುಲೈ ೧೯೨೯

ನನ್ನ ಮಗಾ,

ವಿಳಾಸ ನೋಡು, ನಾನು ಸುಳ್ಳಿಯಲ್ಲ. ಎರಡು ದಿನ ತಡವಾಗಿ ಬಂದೆ, ಅಷ್ಟೆ. ನಿನ್ನ ಪತ್ರ ಊರಿಗೆ ಹೋಗಿ ಇಲ್ಲಿಗೆ ಬಂತು.

ನಾನು ಒಬ್ಬಳೇ ಬಂದು, ಕಂಬದ ಮರೆಯಲ್ಲಿ ಕೂತು, ಬಂದ ಹಾಗೆ ಹೋಗಬೇಕು ಅಂತಿದ್ದೆ. ಹೋದ ತಿಂಗಳು ಶೆಡ್ಡಿನಲ್ಲಿ ಏಡಾಳಿಗೆ ಹೇಳಿದೆ, "ಯಾರಿಗೂ ಹೇಳ್ಬೇಡ ಕಣೇ, ನಮ್ಮ ಎಡ್ವಿನ್‌ಗೆ ಮ್ಯಾಂಚೆಸ್ಟರ್‌ನಲ್ಲಿ ಅಳಿವು ಉಳಿವಿನ ಆಟ, ನಾನು ಕದ್ದು ಹೋಗ್ತಾ ಇದೀನಿ." ಹೇಳಿದ್ದು ಮಗ್ಗದ ಮಾತಿನಲ್ಲಿ. ಗುಟ್ಟು ಹೇಳುವ ಆತುರದಲ್ಲಿ ನನ್ನ ಬಾಯಿ ಎಷ್ಟು ಅಗಲ ಇತ್ತೋ ಏನೋ, ತಿರುಗಿ ನೋಡಿದರೆ ಶೆಡ್ಡಿನ ತುದಿಯವರೆಗೂ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಊಟದ ಗಂಟೆ ಹೊಡೆಯುವ ಮೊದಲೇ ನೂರ ನಲವತ್ತು ಜನ ಶನಿವಾರದ ಬ್ಲ್ಯಾಕ್‌ಪೂಲ್ ಪ್ರಯಾಣ ಕೈಬಿಟ್ಟಿದ್ದರು. "ಸಮುದ್ರ ಸೋಮವಾರಾನೂ ಅಲ್ಲೇ ಇರ್ತದೆ ಅಕ್ಕಾ" ಅಂದಳು ಏಡಾ. ನಾನು ಏನು ಮಾಡಲಿ?

ನಕ್ಕಿದ್ದು ನಿನ್ನ ತಪ್ಪಿಗೇ. ಆ ಹುಡುಗಿಯ ಕೈ ಹಿಡಿದು, ಅವಳು ಹಾಡುತ್ತಿರುವಾಗ, ನೀನು ದನಿಯಿಲ್ಲದೆ ಏನು ಹೇಳಿದೆ? "ನನ್ನ ಕಾಲ್ಮೇಲಿಂದ ಇಳಿಯೇ ತಾಯಿ, ಬೆರಳು ಮುರೀತು." ಕೆಳಗೆ ಬೆಲೆಬಾಳುವ ಕುರ್ಚಿಯವರಿಗೆ ಅದು ಪ್ರೇಮ. ನಮಗೆ ಹಾಗಲ್ಲವಲ್ಲ! ಅವಳೂ ಕಮ್ಮಿಯಿಲ್ಲ, ಸಾಲಿನ ಮಧ್ಯೆ ಉಸಿರು ತಗೊಳ್ಳುವಾಗ ದನಿಯಿಲ್ಲದೆ "ನೀನು ಈರುಳ್ಳಿ ತಿಂದಿದೀಯ" ಅಂದಳು. ಪಾದ್ರಿಗಳು ಕರ್ಚೀಫು ಬಾಯಿಗೆ ತುರುಕಿಕೊಂಡರು. ನಮ್ಮವರ ನಡುವೆ ಸಿಕ್ಕಿಕೊಂಡಿದ್ದ ಮ್ಯಾಂಚೆಸ್ಟರಿನ ಗಂಡಸು, "ಏನ್ರೀ ಅದು, ಇಂಥಾ ಪ್ರೇಮದ ಹೊತ್ತಲ್ಲಿ ನಗ್ತೀರಾ?" ಅಂತ ಗದರಿದ. "ಕಾಲು ನಿಂದಲ್ವಲ್ಲ ಸುಮ್ನಿರಪ್ಪ" ಅಂದಳು ಏಡಾ.

ಬಿರುಗಾಳಿಯ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ನಗಾರಿಯವನ ಕೈ ಮೇಲೆ ಕೆಳಗೆ ಬೀಳುತ್ತಿತ್ತು, ಕಹಳೆಯವರ ಕೆನ್ನೆ ಉಬ್ಬಿತ್ತು, ಕೆಳಗಿನವರು ಒಬ್ಬರಿಗೊಬ್ಬರು ಬಗ್ಗಿ "ಏನಂದ, ಏನಂದ" ಅಂತಿದ್ದರು. ನಮಗೆ ಅದು ದಿನನಿತ್ಯದ ಶೆಡ್ಡು. ನೀನು ಮಧ್ಯೆ ನಿಂತು ದಡದಲ್ಲಿರುವ ಹೆಂಡತಿಗೆ ಹೇಳಿದೆ, ಹಗ್ಗ ಬಿಡಬೇಡ, ಭಾರ ಅನಿಸಿದರೆ ನಾನಿದ್ದೇನೆ ಅಂತ ತಿಳಿ, ಹಗುರ ಅನಿಸಿದರೆ ಮನೆಗೆ ಹೋಗು. ಇಡೀ ಗ್ಯಾಲರಿ ಅದನ್ನು ನೋಡಿತು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು ನಮ್ಮ ಸಾಲಿನಲ್ಲೇ ಒಂಬತ್ತು ಜನ ಇದ್ದರು. ನಾನು ಅಳುವುದಿಲ್ಲ ಅಂತ ಹಿಂದೆ ಯಾವಾಗಲೋ ಬರೆದಿದ್ದೆನೇನೋ. ಅದನ್ನು ಹೊಡೆದುಹಾಕು.

ಕೊನೆಗೆ ನೀನು ಕೇಳಿದ್ದು: "ದೊಡ್ಡಮ್ಮಾ, ಬಂತಾ?" ಎಲ್ಲರೂ ಅದನ್ನು ಓದಿದರು, ಓದಿ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೇಳಿದ್ದು: "ಇನ್ನೊಂದ್ಸಲ ಹಾಡು." ಅಷ್ಟೇ. ನೂರ ನಲವತ್ತು ಜನ ನೆಲಕ್ಕೆ ಕಾಲು ಬಡಿದದ್ದು ಅದಕ್ಕೇ. ಅದು ಚಪ್ಪಾಳೆ ಅಂತ ನೀನು ತಿಳಿದಿರಬೇಕು. ಅದು ನನ್ನ ಉತ್ತರ. ಕೆಳಗಿನವರಿಗೆ ಏನೂ ಗೊತ್ತಿಲ್ಲದೆ ಅವರೂ ಬಡಿದರು. ವಾದ್ಯದವರು ಆಗಲೇ ಕೋಟು ತೊಡುತ್ತಿದ್ದರು, ಪಿಟೀಲಿನವನೊಬ್ಬ ಮತ್ತೆ ಕೂತ, ನೀನು ಆ ಹಗ್ಗದ ಹಾಡನ್ನೇ ಇನ್ನೊಮ್ಮೆ ಹಾಡಿದೆ. ಅದಕ್ಕಾಗಿ ಐದೂ ಇಪ್ಪತ್ತರ ರೈಲಿಗೆ ನಾವು ಬೀದಿಯಲ್ಲಿ ಓಡಬೇಕಾಯಿತು, ಪಾದ್ರಿಗಳೇ ಮುಂದೆ.

ಎರಡನೇ ಸಲ ನಾನು ನಿನ್ನನ್ನು ನೋಡಲಿಲ್ಲ ಮಗಾ. ಮಾತು ಅಷ್ಟೂ ನನ್ನ ಹತ್ತಿರ ಬಂದಾಗಿತ್ತು. ನಾನು ಬೆನ್ನು ತಿರುಗಿಸಿ ಕೂತು ಜನರನ್ನು ನೋಡಿದೆ. ಏಡಾಳ ಬಾಯಿ ಜೀವಮಾನದಲ್ಲಿ ಮೊದಲ ಸಲ ಮುಚ್ಚಿತ್ತು. ನಮ್ಮನ್ನು ಗದರಿದ ಗಂಡಸು ಟೋಪಿಯನ್ನು ಎದೆಗೆ ಒತ್ತಿಕೊಂಡಿದ್ದ. ಬಾಗಿಲ ಹತ್ತಿರ ಕಿತ್ತಳೆ ಮಾರುವವಳು ಬುಟ್ಟಿ ಕೆಳಗಿಡುವುದನ್ನು ಮರೆತು ಬಗ್ಗಿದ ಹಾಗೇ ನಿಂತಿದ್ದಳು. ಬಗ್ಗಿ ನೋಡಿದರೆ ಕೆಳಗೆ ಬೀಸಣಿಗೆಗಳು ಒಂದೊಂದಾಗಿ ನಿಂತವು. ಆಮೇಲೆ ಎಲ್ಲರ ಮುಖ ಒಟ್ಟಿಗೆ ಸ್ವಲ್ಪ ಮೇಲೆದ್ದಿತು, ನೀನು ಆ ಮೇಲಿನ ಸ್ವರಕ್ಕೆ ಹೋದೆ ಅಂತ ಕಾಣುತ್ತದೆ. ಅಲ್ಲೇ ನಿಂತವು, ಎರಡು ಸಾವಿರ ಮುಖ, ಯಾರೂ ಉಸಿರಾಡಲಿಲ್ಲ. ಓಹೋ, ನಮ್ಮ ಎಡ್ವಿನ್‌ನ ದನಿ ಇಷ್ಟು ದೊಡ್ಡದಾ ಅಂದುಕೊಂಡೆ.

ನಿನ್ನ ದೊಡ್ಡಮ್ಮ,
ಡಾರ್ಕಸ್